ಆಮೆನಕ್ಕನ ಮುಗಿಯದ ಪ್ರಾರ್ಥನೆ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬಟ್ಟೆ ಒಗೆದು ಇಸ್ತ್ರಿ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಆಮೆನಕ್ಕ. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆಗಳ ಎರಡು ಮೂಲೆ ಹಿಡಿದು, ಒದರಿ, ಆವಿಯಿಂದ ಕಾದ ರೋಲರಿನ ಸಂದಿಗೆ ಕೊಡುವುದು ಹದಿನೇಳು ವರ್ಷಗಳಿಂದ ಅವಳ ಕೆಲಸ. ಇನ್ನೆರಡು ಮೂಲೆ ಹಿಡಿಯುವವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಇಬ್ಬರಿಗೂ ಒಂದೇ ಮನೆ, ಒಂದೇ ಅಡುಗೆಮನೆ, ಬಟ್ಟೆ ಒಣಹಾಕಲು ಒಂದೇ ಹಗ್ಗ. ಮನೆಯಲ್ಲಿ ಆ ಹಗ್ಗಕ್ಕಾಗಿ ಕಾಲು ಕೆದರಿ ಜಗಳವಾಡುವ ಇವರು ರೋಲರಿನ ಮುಂದೆ ನಿಂತರೆ ಮಾತೇ ಬೇಕಾಗುತ್ತಿರಲಿಲ್ಲ. ಒಬ್ಬಳು ಉಸಿರೆಳೆದರೆ ಇನ್ನೊಬ್ಬಳು ಬಟ್ಟೆ ಎತ್ತುತ್ತಿದ್ದಳು.

ಬೆಳಿಗ್ಗೆ ಏಳಕ್ಕೆ ಯಂತ್ರಗಳು ಶುರುವಾಗುವ ಮುಂಚೆ ಅಲ್ಲಿ ಪ್ರಾರ್ಥನೆ ಆಗಬೇಕು. ಅದು ಯಜಮಾನರು ಕಾರ್ಖಾನೆ ತೆರೆದ ದಿನದಿಂದ ಬಂದ ಪದ್ಧತಿ. ಅವರು ಚರ್ಚಿನ ಸಭೆಯ ಹಿರಿಯರು, ದೈವಭಕ್ತರು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ನಿಜವಾಗಿಯೂ ಭಕ್ತರೇ, ತೊಡಕು ಇದ್ದದ್ದೂ ಅಲ್ಲೇ. ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕಕೂಡದು, ಟೆಲಿಫೋನು ಎಷ್ಟು ಬಡಿದುಕೊಂಡರೂ ಎತ್ತಕೂಡದು ಎಂದು ನಿಯಮ ಮಾಡಿದವರು ಅವರೇ. ಕೊನೆಗೆ ಎಲ್ಲರೂ ಒಟ್ಟಾಗಿ ಆಮೆನ್ ಎನ್ನುತ್ತಿದ್ದಂತೆ ಆ ತುದಿಯ ಗೋಡೆಯ ಹತ್ತಿರ ನಿಂತ ಫಿಟ್ಟರ್ ದೊಡ್ಡ ಸ್ವಿಚ್ಚು ಹಾಕುತ್ತಿದ್ದ. ಮೂರು ರೋಲರುಗಳೂ ಒಟ್ಟಿಗೆ ತಿರುಗಲು ಶುರುವಾಗುತ್ತಿದ್ದವು. ಫಿಟ್ಟರನಿಗೂ ದೇವರಿಗೂ ಅಷ್ಟಾಗಿ ಮಾತುಕತೆ ಇರಲಿಲ್ಲ. ತನಗೆ ಆಮೆನ್ ಅಂದರೆ ಕರೆಂಟು ಎಂದು ಹೇಳಿಕೊಂಡು ನಗುತ್ತಿದ್ದ.

ಮೊದಮೊದಲು ಯಜಮಾನರೇ ಪ್ರಾರ್ಥನೆ ನಡೆಸುತ್ತಿದ್ದರು. ಒಂದು ಸಲ ಅವರ ಗಂಟಲು ಕಟ್ಟಿತು. ಯಾರಾದರೂ ಮಾಡಿ ಎಂದು ಕೈಸನ್ನೆ ಮಾಡಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಇವಳು ಬಾಯಿ ತೆರೆದಳು. ಯಜಮಾನರ ಗಂಟಲು ನಾಲ್ಕು ದಿನಕ್ಕೆ ಸರಿಹೋಯಿತು, ಆದರೆ ಪ್ರಾರ್ಥನೆ ಅವರ ಕೈಗೆ ಮತ್ತೆ ಹೋಗಲಿಲ್ಲ. ಕಾರಣ ಇತ್ತು. ಯಜಮಾನರು ದೇವರ ಜೊತೆ ಮಾತಾಡುವಾಗ ದೊಡ್ಡ ಅಧಿಕಾರಿಗೆ ಅರ್ಜಿ ಬರೆದ ಹಾಗಿರುತ್ತಿತ್ತು. ಇವಳು ಪಕ್ಕದ ಮನೆಯವರಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಮಡಿಸುವ ಮೇಜಿನ ಅಜ್ಜಿಗೆ ಮಂಡಿ ನೋವು, ನೀನು ಹೋದ ವಾರ ಕೊಟ್ಟ ಸಮಾಧಾನ ಎರಡೇ ದಿನ ಬಂತು. ಮೂರನೇ ಒಗೆಯುವ ಯಂತ್ರದ ಬಾಗಿಲಿನ ರಬ್ಬರು ಸೋರುತ್ತಿದೆ, ಕೆಳಗೆ ನಿಂತವಳ ಕಾಲು ದಿನವಿಡೀ ಒದ್ದೆ, ಸ್ವಲ್ಪ ನೋಡು. ಜನ ಕಣ್ಣು ಮುಚ್ಚಿಕೊಂಡೇ ಮುಸಿಮುಸಿ ನಗುತ್ತಿದ್ದರು. ತಮ್ಮ ಹೆಸರು ಯಾವಾಗ ಬರುತ್ತದೋ ಎಂದು ಕಾಯುತ್ತಲೂ ಇದ್ದರು.

ಈ ಧಾಟಿ ಅವಳಿಗೆ ಬಂದದ್ದು ಅಜ್ಜಿಯಿಂದ. ತಾಯಿ ಸತ್ತ ಮೇಲೆ ಅವಳನ್ನು ಸಾಕಿದ ಅಜ್ಜಿ ಪಾತ್ರೆ ತೊಳೆಯುತ್ತ ಪ್ರಾರ್ಥನೆ ಮಾಡುತ್ತಿದ್ದಳು, ಅದೂ ಕಣ್ಣು ತೆರೆದುಕೊಂಡು. ಒಂದೊಂದು ದಿನ ದೇವರಿಗೆ ಬೈಯುತ್ತಲೂ ಇದ್ದಳು. ಎಲ್ಲರೂ ಕಣ್ಣು ಮುಚ್ಚುತ್ತಾರಲ್ಲ ಎಂದು ಮೊಮ್ಮಗಳು ಕೇಳಿದ್ದಕ್ಕೆ, ಕೈಯಲ್ಲಿದ್ದ ಪಾತ್ರೆ ತೋರಿಸಿ, ಕಣ್ಣು ಮುಚ್ಚಿದರೆ ಜಿಡ್ಡು ಎಲ್ಲಿದೆ ಅಂತ ಅವನಿಗೆ ಹೇಗೆ ತೋರಿಸಲಿ ಎಂದಿದ್ದಳು. ನಿನಗೆ ಕಾಣುವುದನ್ನು ಅವನಿಗೆ ಹೇಳು, ಉಳಿದದ್ದು ಆಮೇಲೆ ನೋಡೋಣ ಎಂಬುದು ಅಜ್ಜಿಯ ಪಾಠ. ಸಭೆಯಲ್ಲಿ ಇಂಥ ಪಾಠ ಯಾರೂ ಹೇಳಿಕೊಡುವುದಿಲ್ಲ ಬಿಡಿ.

ಇನ್ನು ಪ್ರಾರ್ಥನೆಯ ಒಳಗುಟ್ಟು. ರೋಲರಿನ ಅಂಚಿನಲ್ಲಿ ಹಿಂದಿನ ದಿನದ ಗಂಜಿ, ನೂಲಿನ ಎಳೆ ಅಂಟಿಕೊಂಡಿರುತ್ತದೆ. ಅದನ್ನು ಒರೆಸದೆ ಶುರು ಮಾಡಿದರೆ ಮೊದಲ ಹತ್ತು ಬಟ್ಟೆಗೆ ಕಂದು ಗೆರೆ ಬೀಳುತ್ತದೆ. ರೋಲರು ನಿಂತಿರುವಾಗಲೇ ಒರೆಸಬೇಕು. ಆದರೆ ಕೆಲಸ ಆರಂಭವಾಗುವುದು ಆಮೆನ್ ಆದ ಮೇಲೆ. ಅದಕ್ಕಿಂತ ಮುಂಚೆ ಒರೆಸಲು ಅಂತ ಬೇರೆ ಹೊತ್ತು ಯಾರೂ ಕೊಟ್ಟಿರಲಿಲ್ಲ. ಹೆಂಗಸರು ತಮ್ಮ ಪಾಡಿಗೆ ದಾರಿ ಮಾಡಿಕೊಂಡಿದ್ದರು. ಪ್ರಾರ್ಥನೆ ನಡೆಯುವಾಗ ಪ್ರತಿ ರೋಲರಿಗೆ ಒಬ್ಬಳು ಮೇಣ ಹಚ್ಚಿದ ಬಟ್ಟೆ ಹಿಡಿದು ಮೆಲ್ಲಗೆ ಒರೆಸುವುದು, ಉಳಿದವರು ಕಣ್ಣು ಮುಚ್ಚುವುದು. ಎರಡನೇ ರೋಲರಿನಲ್ಲಿ ಒರೆಸುವವಳು ಓರಗಿತ್ತಿ. ಆಮೆನಕ್ಕ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದು ನೋಡುತ್ತಿದ್ದಳು. ಮೂರು ಬಟ್ಟೆಯೂ ಕೆಳಗಿಳಿದವೋ, ಪ್ರಾರ್ಥನೆ ಮುಕ್ತಾಯಕ್ಕೆ ಬರುತ್ತಿತ್ತು. ಗಂಜಿ ಗಟ್ಟಿಯಾಗಿ ಹಿಡಿದ ದಿನ ದೇವರಿಗೆ ಹವಾಮಾನದ ವಿಚಾರವೂ ತಿಳಿಯುತ್ತಿತ್ತು. ಇದು ಹೆಂಗಸರಿಗೂ ಫಿಟ್ಟರನಿಗೂ ಗೊತ್ತಿತ್ತು. ಯಜಮಾನರಿಗೆ ಗೊತ್ತಿರಲಿಲ್ಲ, ಅವರು ನಿಜವಾಗಿಯೇ ಕಣ್ಣು ಮುಚ್ಚುತ್ತಿದ್ದರು.

ಆಮೇಲೆ ಹೊಸ ಮೇಲ್ವಿಚಾರಕ ಬಂದ. ಮಾತಿಗೊಮ್ಮೆ ಕೈಗಡಿಯಾರ ನೋಡುವವನಾದ್ದರಿಂದ ವಾರದೊಳಗೆ ಅವನ ಹೆಸರು ಗಡಿಯಾರ ಎಂದಾಯಿತು. ಅವನು ಬಂದ ವರ್ಷವೇ ರೋಲರುಗಳ ಮುಂದಿದ್ದ ಅಡ್ಡಪಟ್ಟಿಗಳನ್ನು ಬಿಚ್ಚಿಸಿದ. ಅಡ್ಡಪಟ್ಟಿ ಅಂದರೆ ಸಂದಿಯ ಮುಂದೆ ಉದ್ದಕ್ಕೆ ಇರುವ ಕಬ್ಬಿಣದ ಪಟ್ಟಿ. ಕೈ ಜಾರಿ ಅದಕ್ಕೆ ತಾಗಿದರೆ ರೋಲರು ಗಕ್ಕನೆ ನಿಲ್ಲುತ್ತದೆ. ಕೈ ತಾಗಿದರಷ್ಟೇ ಅಲ್ಲ, ದಪ್ಪ ಬಟ್ಟೆ ತಾಗಿದರೂ ನಿಲ್ಲುತ್ತಿತ್ತು, ದಿನಕ್ಕೆ ಇಪ್ಪತ್ತು ಸಲ. ಗಡಿಯಾರನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಿಜ ಹೇಳಬೇಕೆಂದರೆ ಹೆಂಗಸರಿಗೂ ಅದು ಕಿರಿಕಿರಿಯೇ. ಬಿಚ್ಚಿದಾಗ ಯಾರೂ ಚಕಾರ ಎತ್ತಲಿಲ್ಲ.

ಪಟ್ಟಿಯ ನಂತರ ಅವನ ಕಣ್ಣು ಪ್ರಾರ್ಥನೆಯ ಮೇಲೆ ಬಿತ್ತು. ಐದಾರು ನಿಮಿಷ ಯಾಕೆ, ಒಂದು ನಿಮಿಷದಲ್ಲಿ ದೇವರಿಗೆ ಅರ್ಥವಾಗುವುದಿಲ್ಲವೇ ಎಂದು ಯಜಮಾನರನ್ನು ಕೇಳಿದ. ಯಜಮಾನರು ಯೋಚಿಸಿ, ಚಿಕ್ಕ ಪ್ರಾರ್ಥನೆಯೂ ಮುಟ್ಟುತ್ತದೆ ಎಂದು ಒಪ್ಪಿದರು. ಆಮೆನಕ್ಕನೂ ಒಪ್ಪಿದಳು. ಒರೆಸುವುದಕ್ಕೆ ಹೊತ್ತು ಬೇಕು ಎಂದು ಅವಳು ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದರೆ, ಇಷ್ಟು ದಿನ ಉದ್ದವಾಗಿದ್ದದ್ದು ಭಕ್ತಿಯಲ್ಲ ಬಟ್ಟೆ ಎಂದಾಗುತ್ತದಲ್ಲ. ನಾಚಿಕೆಯಾಯಿತು. ಜೊತೆಗೆ, ಚಿಕ್ಕದಾಗಿಯೂ ಚೆನ್ನಾಗಿ ಮಾಡಬಲ್ಲೆ ಎಂಬ ಸಣ್ಣ ಜಂಬ.

ಚಿಕ್ಕ ಪ್ರಾರ್ಥನೆಯ ಮೊದಲ ದಿನ ಸೋಮವಾರ, ಎರಡು ದಿನದ ಬಟ್ಟೆ ಗುಡ್ಡೆ ಬಿದ್ದಿತ್ತು. ಗಡಿಯಾರ ಅವಳ ಎದುರಿಗೇ ನಿಂತು ಕೈಗಡಿಯಾರದ ಗಾಜಿನ ಮೇಲೆ ಬೆರಳು ತಟ್ಟುತ್ತಿದ್ದ. ಅವನ ಮುಂದೆ ಕಳ್ಳಗಣ್ಣು ತೆರೆಯಲು ಅವಳಿಗೆ ಸಂಕೋಚವಾಗಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದಳು. ನಾಲ್ಕು ಮಾತು ಹೇಳಿ ಆಮೆನ್ ಎಂದಳು. ಅಭ್ಯಾಸಬಲದಿಂದ ಎಲ್ಲರೂ ಆಮೆನ್ ಎಂದರು. ಫಿಟ್ಟರ್ ಸ್ವಿಚ್ಚು ಹಾಕಿದ. ಓರಗಿತ್ತಿಯ ಕೂಗು ಕೇಳಿ ಆಮೆನಕ್ಕ ಕಣ್ಣು ತೆರೆದಾಗ ಮೇಣದ ಬಟ್ಟೆ ಸಂದಿಯೊಳಗೆ ಹೋಗಿ ಆಗಿತ್ತು, ಅದರ ಹಿಂದೆ ಬಲಗೈ.

ಎರಡು ಬೆರಳು ಹೋದವು. ಉಳಿದ ಮೂರು ಸುಟ್ಟು, ಮಡಿಸಲು ಬಾರದಂತಾದವು. ಆಸ್ಪತ್ರೆಯಲ್ಲಿ ಓರಗಿತ್ತಿಯನ್ನು ಮಲಗಿಸಿದ ಹಾಸಿಗೆಯ ಬಟ್ಟೆ ಇವರೇ ಇಸ್ತ್ರಿ ಮಾಡಿ ಕಳಿಸಿದ್ದು. ಅಂಚಿನಲ್ಲಿ ಕಾರ್ಖಾನೆಯ ಗುರುತು ಇತ್ತು. ಆಮೆನಕ್ಕ ಹತ್ತು ದಿನ ಆ ಗುರುತನ್ನೇ ನೋಡುತ್ತ ಕೂತಳು. ಪ್ರಾರ್ಥನೆ ಮಾಡಲು ಬಾಯಿ ಬರಲಿಲ್ಲ. ತನ್ನ ಬಾಯಿಂದ ಹೊರಟ ಒಂದು ಮಾತಿಗೆ ಆ ಯಂತ್ರ ತಿರುಗಿತ್ತು. ಆ ಮಾತನ್ನು ಮತ್ತೆ ನಾಲಿಗೆಯ ಮೇಲೆ ಹೇಗೆ ಇಟ್ಟುಕೊಳ್ಳುವುದು? ಗಂಡ, ಹೋಗಲಿ ಬಿಡು, ಬೇಕಂತ ಮಾಡಿದ್ದಲ್ಲವಲ್ಲ ಎಂದ. ಅವಳು ಮತ್ತೆ ಆ ಗುರುತಿನ ಕಡೆ ತಿರುಗಿದಳು.

ಓರಗಿತ್ತಿ ಮನೆಗೆ ಬಂದಳು. ಬೈಯಲಿಲ್ಲ. ಹಗ್ಗಕ್ಕಾಗಿ ಬೀದಿಗೆ ಕೇಳುವಂತೆ ಬೈಯುತ್ತಿದ್ದವಳು ಈಗ ಎಡಗೈಯಲ್ಲಿ ಟೀ ಲೋಟ ಹಿಡಿದು ಕಿಟಕಿಯ ಹತ್ತಿರ ಸುಮ್ಮನೆ ಕೂರುತ್ತಿದ್ದಳು. ಒಂದು ಸಂಜೆ ಯಜಮಾನರು ಹಣ್ಣಿನ ಬುಟ್ಟಿ ಹಿಡಿದು ಬಂದರು. ಬ್ಯಾಂಡೇಜು ನೋಡಿ ಅವರ ಕಣ್ಣಲ್ಲಿ ನೀರು ಬಂತು, ಆ ನೀರೂ ನಿಜವೇ. ನಡೆದದ್ದು ದೇವರ ಚಿತ್ತ, ಪ್ರಾಣ ಉಳಿಯಿತಲ್ಲ, ಅದಕ್ಕೆ ಮುಂದಿನ ಸೋಮವಾರ ಕಾರ್ಖಾನೆಯಲ್ಲೇ ಕೃತಜ್ಞತಾ ಪ್ರಾರ್ಥನೆ ಇಟ್ಟಿದ್ದೇನೆ, ಪಾದ್ರಿಗಳೂ ಬರುತ್ತಾರೆ, ಆಮೆನಕ್ಕನೇ ನಡೆಸಬೇಕು ಎಂದರು. ಇನ್ನೊಂದು ಸಂತೋಷದ ಸುದ್ದಿ ಎನ್ನುವಂತೆ, ಮನೆಗೆ ಕಷ್ಟವಾಗಬಾರದೆಂದು ಓರಗಿತ್ತಿಯ ಜಾಗವನ್ನು ಅವಳ ಮಗಳಿಗೇ ಕೊಡುವುದಾಗಿ ಹೇಳಿದರು. ಸೋಮವಾರದಿಂದಲೇ ಬರಲಿ, ಎರಡನೇ ರೋಲರು. ಇಪ್ಪತ್ತೆರಡರ ಮಗಳು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಮೈದುನ ಕೈಮುಗಿದ. ಯಜಮಾನರು ಎಲ್ಲರನ್ನೂ ನಿಲ್ಲಿಸಿ, ನಿನ್ನ ಚಿತ್ತವನ್ನು ಒಪ್ಪಿಕೊಳ್ಳುವ ಮನಸ್ಸು ಕೊಡು ಎಂದು ಪ್ರಾರ್ಥಿಸಿ ಹೊರಟರು.

ಅವರ ಕಾರು ತಿರುವು ದಾಟಿದ ಮೇಲೆ ಓರಗಿತ್ತಿ ಅಷ್ಟು ದಿನಗಳಲ್ಲಿ ಮೊದಲ ಸಲ ಇವಳ ಮುಖ ನೋಡಿದಳು.

"ಅಕ್ಕಾ, ಅವರ ಪ್ರಾರ್ಥನೆಗೆ ನೀನೂ ಆಮೆನ್ ಅಂದೆ."

ಅಂದದ್ದು ಹೌದು. ಹದಿನೇಳು ವರ್ಷದ ಅಭ್ಯಾಸ, ಬಾಯಿ ತಾನಾಗಿ ಅಂದುಬಿಟ್ಟಿತ್ತು. ಆಮೆನಕ್ಕನಿಗೆ ಕಪಾಳಕ್ಕೆ ಬಿಗಿದಂತಾಯಿತು.

ಮರುದಿನ ಅವಳು ಗಡಿಯಾರನ ಮುಂದೆ ನಿಂತು, ಹುಡುಗಿ ಬರುವ ಮುಂಚೆ ಅಡ್ಡಪಟ್ಟಿ ಹಾಕಿಸಿ ಎಂದು ಕೇಳಿದಳು. ಮುಂದಿನ ತಿಂಗಳು ನೋಡೋಣ, ಈಗ ಕೆಲಸದ ಒತ್ತಡ ಎಂದ. ಯಜಮಾನರನ್ನು ಕೇಳಿದಳು. ಅದೆಲ್ಲ ಮೇಲ್ವಿಚಾರಕರಿಗೆ ಬಿಟ್ಟಿದ್ದೇನಮ್ಮ, ನೀನು ಪ್ರಾರ್ಥನೆ ಮಾಡು ಎಂದರು. ಫಿಟ್ಟರನನ್ನು ಕೇಳಿದಳು. ಪಟ್ಟಿಗಳು ಉಗ್ರಾಣದಲ್ಲಿ ಸೋಪಿನ ಡ್ರಮ್ಮುಗಳ ಹಿಂದೆ ಬಿದ್ದಿವೆ, ಮೂರನ್ನೂ ಹಾಕಲು ಅರ್ಧ ಗಂಟೆ ಸಾಕು, ಅಪ್ಪಣೆ ಇಲ್ಲದೆ ಮುಟ್ಟಿದರೆ ನನ್ನ ಕೆಲಸ ಹೋಗುತ್ತದೆ ಎಂದು ತಲೆ ತಗ್ಗಿಸಿದ. ಆ ಸೋಮವಾರದ ನಂತರ ಅವನು ನಗುವುದನ್ನು ಬಿಟ್ಟಿದ್ದ. ಸ್ವಿಚ್ಚು ಹಾಕಿದ ಕೈ ಅವನದು.

ಭಾನುವಾರ ಆರಾಧನೆ ಮುಗಿದ ಮೇಲೆ ಅವಳು ಪಾದ್ರಿಗಳ ಕೋಣೆಗೆ ಹೋದಳು. ತನಗೆ ಪ್ರಾರ್ಥನೆ ಬರುತ್ತಿಲ್ಲ ಎಂದಳು. ಪಾದ್ರಿಗಳು ಒಳ್ಳೆಯ ಮನುಷ್ಯ, ಅವಸರ ಮಾಡದೆ ಕೇಳಿದರು. ಪ್ರಾರ್ಥನೆ ಇರುವುದು ದೇವರ ಮನಸ್ಸು ಬದಲಿಸಲಿಕ್ಕಲ್ಲ, ನಮ್ಮ ಮನಸ್ಸು ಬದಲಿಸಲಿಕ್ಕೆ, ಬಂದದ್ದನ್ನು ಹೊರುವ ಶಕ್ತಿಗಾಗಿ ಎಂದು ವಿವರಿಸಿದರು. ಕರ್ತನೇ ಶಿಲುಬೆಗೇರುವ ಹಿಂದಿನ ದಿನ ತೋಟದಲ್ಲಿ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡನಲ್ಲವೇ ಎಂದರು.

"ಒಪ್ಪಿಸಿಕೊಂಡ, ಅಯ್ಯನೋರೇ. ಆದ್ರೆ ಅದಕ್ಕಿಂತ ಮುಂಚೆ ಆ ಸಾವು ಬೇಡ ಅಂದ. ಒಂದ್ಸಲ ಅಲ್ಲ, ಮೂರು ಸಲ ಕೇಳಿಕೊಂಡ. ಅವನಿಗೇ ಕೇಳೋ ಹಕ್ಕಿದ್ರೆ ನನಗ್ಯಾಕಿಲ್ಲ? ನಮ್ಮ ರೋಲರಿಗೆ ಪಟ್ಟಿ ಇಲ್ಲದೇ ಇರೋದು ತಂದೆಯ ಚಿತ್ತ ಅಂತ ನೀವು ಬರೆದು ಕೊಡ್ತೀರಾ?"

ಪಾದ್ರಿಗಳು ಮೇಜಿನ ಮೇಲಿನ ಪೇಪರ್‌ವೇಟನ್ನು ಅತ್ತ ಇತ್ತ ಸರಿಸಿದರು. ನನಗೆ ಪಟ್ಟಿಯ ವಿಷಯ ಯಾರೂ ಹೇಳಿರಲಿಲ್ಲ ಎಂದರು. ಆಮೇಲೆ, ಮುಜುಗರದಿಂದಲೇ, ಯಜಮಾನರು ಕೊಡಲು ಹೇಳಿದ್ದ ಚೀಟಿಯೊಂದನ್ನು ಅವಳ ಮುಂದಿಟ್ಟರು. ನಾಳೆ ಓದಬೇಕಾದ ಪ್ರಾರ್ಥನೆ ಅದರಲ್ಲಿ ಅಚ್ಚುಕಟ್ಟಾಗಿ ಟೈಪಾಗಿತ್ತು. ಒಂದು ನಿಮಿಷದ್ದು.

ಮನೆಗೆ ಬಂದಾಗ ಸಿಂಕಿನಲ್ಲಿ ಪಾತ್ರೆ ರಾಶಿ ಬಿದ್ದಿತ್ತು. ತೊಳೆಯಲು ನಿಂತಳು. ಬಾಣಲೆಯ ತಳದ ಜಿಡ್ಡು ಉಜ್ಜುತ್ತ ಉಜ್ಜುತ್ತ ಅಜ್ಜಿ ನೆನಪಾದಳು, ಇದ್ದಕ್ಕಿದ್ದಂತೆ ಬಾಯಿಯೂ ಬಂತು. ಮೊದಲು ಬೈದಳು. ಕಂಡೂ ಕಂಡೂ ಸುಮ್ಮನೆ ಇದ್ದೆಯಲ್ಲ ಎಂದು ಬೈದಳು. ಬೈಯುತ್ತ ಹೋದಂತೆ ಅವಳಿಗೇ ಗೊತ್ತಾಯಿತು, ಕಂಡೂ ಸುಮ್ಮನಿದ್ದವರ ಸಾಲಿನಲ್ಲಿ ದೇವರಿಗಿಂತ ಮುಂಚೆ ಬರೆಯಬೇಕಾದ ಹೆಸರುಗಳು ಬೇಕಾದಷ್ಟಿವೆ, ತನ್ನದೇ ಮೊದಲನೆಯದು. ಕೊನೆಗೆ ಅತ್ತಳು. ಆದರೆ ಆ ಅಳು ಸಮಾಧಾನದ್ದಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಮುಖ ತೊಳೆದುಕೊಳ್ಳುವ ಹಾಗೆ, ಅಷ್ಟೇ.

ಸೋಮವಾರ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದರು. ಒಂದು ಮೇಜಿಗೆ ಬಿಳಿ ಬಟ್ಟೆ ಹಾಸಿ ಹೂವಿಟ್ಟಿದ್ದರು. ಯಜಮಾನರು ಕೋಟು ಹಾಕಿದ್ದರು, ಪಕ್ಕದಲ್ಲಿ ಪಾದ್ರಿಗಳು. ಬಾಗಿಲ ಬಳಿ ಓರಗಿತ್ತಿ, ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು. ಅವಳನ್ನು ಮುಂದೆ ಕೂರಿಸಬೇಕೆಂದಿದ್ದರು, ಅವಳು ಬರಲಿಲ್ಲ. ಎರಡನೇ ರೋಲರಿನ ಮುಂದೆ ಹುಡುಗಿ ಹೊಸ ಏಪ್ರನ್ ಕಟ್ಟಿಕೊಂಡು, ಮೇಣದ ಬಟ್ಟೆ ಕೈಯಲ್ಲಿ ಮುದುರಿ ಹಿಡಿದು ನಿಂತಿದ್ದಳು. ಒರೆಸುವ ಪದ್ಧತಿಯನ್ನು ಅವಳಿಗೆ ಯಾರೋ ಆಗಲೇ ಹೇಳಿಕೊಟ್ಟಿದ್ದರು. ಸಂದಿಯಲ್ಲಿ ಗಂಜಿಯ ಹಕ್ಕಳೆ ಕಾಣುತ್ತಿತ್ತು. ಯಜಮಾನರು ತಲೆಬಾಗಿ ಕಣ್ಣು ಮುಚ್ಚಿದರು, ಎಲ್ಲರೂ ಮುಚ್ಚಿದರು.

ಆಮೆನಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಏಪ್ರನಿನ ಜೇಬಿಗೆ ಹಾಕಿಕೊಂಡಳು. ಎರಡೂ ಕಣ್ಣು ಅಗಲವಾಗಿ ತೆರೆದೇ ಶುರು ಮಾಡಿದಳು.

"ಸ್ವಾಮಿ, ನಡೆದದ್ದು ನಿನ್ನ ಚಿತ್ತ ಅಂತ ಚೀಟಿಯಲ್ಲಿ ಬರೆದು ಕೊಟ್ಟಿದಾರೆ. ನಾನು ಓದಲ್ಲ. ನಿನ್ನ ಮೇಲೆ ಸುಳ್ಳು ಹೊರಿಸೋಕೆ ನನಗೆ ಭಯ. ಎರಡು ವರ್ಷದ ಹಿಂದೆ ಈ ರೋಲರಿನ ಅಡ್ಡಪಟ್ಟಿ ಬಿಚ್ಚಿಸಿದ್ದು ಗಡಿಯಾರ. ಅಂದ್ರೆ ನಮ್ಮ ಮೇಲ್ವಿಚಾರಕರು, ನಿನಗೆ ಗೊತ್ತಲ್ಲ. ಕಂಡೂ ಕೇಳದೇ ಇದ್ದದ್ದು ಯಜಮಾನ್ರು. ಬೇಡ ಅನ್ನದೇ ಇದ್ದದ್ದು ನಾವೆಲ್ಲ. ಅವತ್ತು ಕಣ್ಣು ಮುಚ್ಚಿದ್ದು ನಾನು. ಭಕ್ತಿಯಿಂದಲ್ಲ, ನಾಚಿಕೆಯಿಂದ. ನನ್ನ ಲೆಕ್ಕ ನಾನು ನಿನಗೆ ಕೊಡ್ತೀನಿ. ಪಟ್ಟಿ ಸೋಪಿನ ಡ್ರಮ್ಮಿನ ಹಿಂದೆ ಬಿದ್ದಿದೆ. ಅದು ವಾಪಸ್ ಬರೋವರೆಗೂ ಈ ಹುಡುಗಿ ಕೈ ರೋಲರಿಗೆ ತಾಗಬಾರದು. ಇವತ್ತು ನಾನು ಕೇಳ್ತಿರೋದು ಇದೊಂದೇ."

ಒಂದೊಂದೇ ಕಣ್ಣು ತೆರೆಯಿತು. ಗಡಿಯಾರನ ಮುಖ ಕೆಂಪಾಯಿತು. ಯಜಮಾನರು ಮಾತ್ರ ಕಣ್ಣು ತೆರೆಯಲಿಲ್ಲ, ರೆಪ್ಪೆ ಅದುರುತ್ತಿತ್ತು. ಆಮೆನ್ ಬರುತ್ತದೆ ಎಂದು ಎಲ್ಲರೂ ಕಾದರು. ಬರಲಿಲ್ಲ. ಆಮೆನಕ್ಕ ಉಸಿರೆಳೆದುಕೊಂಡು ಮುಂದುವರಿಸಿದಳು. ಮಡಿಸುವ ಮೇಜಿನ ಅಜ್ಜಿಯ ಮಂಡಿಗೆ ಬಂದಳು, ಅಲ್ಲಿಂದ ಮೂರನೇ ಯಂತ್ರದ ರಬ್ಬರಿಗೆ, ಅಲ್ಲಿಂದ ಯಾರದೋ ಮಗನ ಪರೀಕ್ಷೆಗೆ. ಒಬ್ಬೊಬ್ಬರದೂ ಬಂತು. ಒಂದು ಸುತ್ತು ಮುಗಿದರೆ, ಪಟ್ಟಿಯ ವಿಷಯ ಮರೆಯಬೇಡ ಸ್ವಾಮಿ ಎಂದು ಹೇಳಿ ಇನ್ನೊಂದು ಸುತ್ತು ಹಿಡಿದಳು.

ಏಳು ಕಾಲಾಯಿತು. ಆಫೀಸಿನಲ್ಲಿ ಟೆಲಿಫೋನು ಬಡಿದುಕೊಂಡಿತು. ಬಟ್ಟೆ ಕೇಳಲು ಆಸ್ಪತ್ರೆಯವರೇ ಇರಬೇಕು. ನಿಯಮದ ಪ್ರಕಾರ ಯಾರೂ ಎತ್ತಲಿಲ್ಲ. ಗಡಿಯಾರನಿಗೆ ತಡೆಯಲಾಗಲಿಲ್ಲ, ತಾನೇ ಜೋರಾಗಿ ಆಮೆನ್ ಎಂದ. ಅಷ್ಟು ದೊಡ್ಡ ಶೆಡ್ಡಿನಲ್ಲಿ ಅವನೊಬ್ಬನದೇ ದನಿ. ಒಬ್ಬರೂ ದನಿಗೂಡಿಸಲಿಲ್ಲ. ಅವನು ಫಿಟ್ಟರನ ಕಡೆ ಕೈ ಬೀಸಿದ. ಫಿಟ್ಟರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಪ್ರಾರ್ಥನೆ ನಡೀತಿದೆ ಸಾರ್. ಮಧ್ಯದಲ್ಲಿ ಕದಲೋ ಹಾಗಿಲ್ಲ."

ಜನ್ಮದಲ್ಲಿ ಒಂದು ಪ್ರಾರ್ಥನೆ ಮಾಡಿದವನಲ್ಲ ಅವನು. ಅವತ್ತು ಅವನಷ್ಟು ಭಕ್ತಿಯಿಂದ ನಿಂತವರು ಆ ಶೆಡ್ಡಿನಲ್ಲಿ ಇನ್ನೊಬ್ಬರಿರಲಿಲ್ಲ.

ಏಳೂ ಇಪ್ಪತ್ತೈದಕ್ಕೆ ಯಜಮಾನರು ಕಣ್ಣು ತೆರೆದರು. ತಾವು ಮಾಡಿದ ನಿಯಮವನ್ನು ತಾವೇ ಮುರಿದು ಮಾತಾಡಿದರು. ದನಿ ಸಿಟ್ಟಿನದಲ್ಲ, ನೊಂದದ್ದು. ದೇವರನ್ನು ಹೀಗೆ ಬಲವಂತ ಮಾಡಬಾರದಮ್ಮ, ಮುಗಿಸು ಎಂದರು.

ಇವತ್ತು ಸಂಜೆ ತನಗೆ ಕೆಲಸ ಇರುವುದಿಲ್ಲ ಎಂದು ಆಮೆನಕ್ಕ ಮನೆ ಬಿಡುವಾಗಲೇ ತೀರ್ಮಾನಿಸಿಕೊಂಡಿದ್ದಳು. ಯಜಮಾನರನ್ನು ಅವಳು ದ್ವೇಷಿಸುತ್ತಿರಲಿಲ್ಲ, ಅದೇ ಕಷ್ಟವಾಗಿತ್ತು. ಆದರೂ ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ದೇವರನ್ನ ಯಾರು ಬಲವಂತ ಮಾಡ್ತಿದಾರೆ ಯಜಮಾನ್ರೇ? ಅವನು ಯಾವತ್ತೋ ಒಪ್ಪಿದಾನೆ. ನಾನು ಕಾಯ್ತಿರೋದು ನಿಮಗೆ."

ಆಗ ಪಾದ್ರಿಗಳು ಮೇಜಿನ ಹಿಂದಿನಿಂದ ಬಂದು, ಹೆಂಗಸರ ಸಾಲಿನ ಕೊನೆಗೆ ನಿಂತುಕೊಂಡರು. ಅವರ ಕಣ್ಣು ತೆರೆದೇ ಇತ್ತು. ಆ ಸಾಲಿನಲ್ಲಿ ಮುಚ್ಚಿದ ಕಣ್ಣು ಒಂದೂ ಉಳಿದಿರಲಿಲ್ಲ. ಯಜಮಾನರು ಅವರನ್ನು ನೋಡಿದರು. ಬಾಗಿಲ ಬಳಿಯ ಬ್ಯಾಂಡೇಜನ್ನು ನೋಡಿದರು, ರೋಲರಿನ ಮುಂದೆ ಮೇಣದ ಬಟ್ಟೆ ಹಿಡಿದ ಹುಡುಗಿಯನ್ನು ನೋಡಿದರು. ಒರೆಸುವ ಬಟ್ಟೆ ಯಾಕೆ ಅವಳ ಕೈಯಲ್ಲಿದೆ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಪ್ರಾರ್ಥನೆಯ ಹೊತ್ತಿನಲ್ಲಿ ಆ ಬಟ್ಟೆ ಕಂಡದ್ದು ಅದೇ ಮೊದಲು. ಹುಡುಗಿ ಹೇಳಿದಳು. ಪ್ರಾರ್ಥನೆಯಲ್ಲೇ ಒರೆಸಬೇಕು, ಬೇರೆ ಹೊತ್ತು ಇಲ್ಲ ಅಂತ ಹೇಳಿದಾರೆ.

ಯಜಮಾನರು ಬಟ್ಟೆಯ ಗಂಟಿನ ಮೇಲೆ ಧೊಪ್ಪನೆ ಕೂತುಬಿಟ್ಟರು. ಕೋಟಿನ ಗುಂಡಿ ಬಿಚ್ಚಿ, ಫಿಟ್ಟರನ ಕಡೆ ತಿರುಗಿ, ಹೋಗಿ ತಗೊಂಡು ಬಾ ಎಂದರು. ಮೂರನ್ನೂ ತಾ ಎಂದರು.

ಪಟ್ಟಿಗಳಿಗೆ ತುಕ್ಕು ಹಿಡಿದಿತ್ತು, ಎರಡು ಬೋಲ್ಟು ಕಳೆದಿದ್ದವು. ಅರ್ಧ ಗಂಟೆಯ ಕೆಲಸ ಮುಕ್ಕಾಲು ಗಂಟೆಯಾಯಿತು. ಅಷ್ಟೂ ಹೊತ್ತು ಆಮೆನಕ್ಕ ಪ್ರಾರ್ಥನೆ ನಿಲ್ಲಿಸಲಿಲ್ಲ. ದನಿ ಗೊಗ್ಗರಾಯಿತು, ಯಾರೋ ನೀರು ಕೊಟ್ಟರು, ಕುಡಿದು ಮುಂದುವರಿಸಿದಳು. ಫಿಟ್ಟರನ ಸ್ಪ್ಯಾನರಿಗೂ ಒಳ್ಳೆಯದು ಕೇಳಿದಳು. ಗಡಿಯಾರನ ಹೆಂಡತಿಯ ಅಸ್ತಮಾಕ್ಕೂ ಕೇಳಿದಳು, ಅವನು ತಬ್ಬಿಬ್ಬಾಗಿ ಬೇರೆ ಕಡೆ ನೋಡಿದ. ಮೂರೂ ಪಟ್ಟಿ ಕೂತ ಮೇಲೆ ಫಿಟ್ಟರ್ ಎಲ್ಲರನ್ನೂ ದೂರ ನಿಲ್ಲಿಸಿ, ಸ್ವಿಚ್ಚು ಹಾಕಿ, ಪೊರಕೆಯ ಹಿಡಿಯಿಂದ ಎರಡನೇ ರೋಲರಿನ ಪಟ್ಟಿಯನ್ನು ಸೋಕಿದ. ರೋಲರು ಗಕ್ಕನೆ ನಿಂತಿತು. ಮತ್ತೊಮ್ಮೆ ಸೋಕಿದ, ಮತ್ತೆ ನಿಂತಿತು. ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ತೆಗೆದು ಕಾದ.

ಎಲ್ಲರೂ ಆಮೆನಕ್ಕನ ಬಾಯಿ ನೋಡಿದರು. ಅವಳು ಬಾಗಿಲ ಕಡೆ ತಿರುಗಿದಳು.

"ನಾನು ಒಂದ್ಸಲ ಬೇಗ ಅಂದುಬಿಟ್ಟೆ. ಇವತ್ತಿಂದು ನೀನು ಹೇಳು."

ಓರಗಿತ್ತಿ ಎಲ್ಲರನ್ನೂ ದಾಟಿ ಬಂದು ರೋಲರಿನ ಮುಂದೆ ನಿಂತಳು. ಮಗಳಿಗೆ ಗದ್ದದಿಂದಲೇ ಒರೆಸು ಎಂದು ಸನ್ನೆ ಮಾಡಿದಳು. ಹುಡುಗಿ ಒರೆಸಿದಳು. ಆ ಮೂಲೆಯಲ್ಲಿ ಗಂಜಿ ಉಳಿದಿದೆ ಎಂದು ಇನ್ನೊಮ್ಮೆ ಒರೆಸಿಸಿದಳು. ಟೆಲಿಫೋನು ಮತ್ತೆ ಬಡಿದುಕೊಂಡಿತು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಖಾಲಿ ಕೈಗಳೆರಡನ್ನೂ ಅಮ್ಮನಿಗೆ ತೋರಿಸಿದಳು. ಓರಗಿತ್ತಿ ಆ ಹತ್ತು ಬೆರಳನ್ನೂ ನೋಡಿದಳು. ಆಮೇಲೆ ಆಮೆನ್ ಎಂದಳು, ಅವಳ ಹಿಂದೆ ಇಡೀ ಶೆಡ್ಡು ಅಂದಿತು.

ಮೂರು ರೋಲರೂ ತಿರುಗಿದವು. ಬಟ್ಟೆ ಒಂದೂವರೆ ಗಂಟೆ ತಡವಾಗಿತ್ತು. ಯಜಮಾನರು ಟೆಲಿಫೋನು ಎತ್ತಲು ಹೋದರು. ಗಡಿಯಾರ ಮಾತ್ರ ಆಮೆನಕ್ಕನ ಹತ್ತಿರ ಬಂದು, ಕೈಗಡಿಯಾರ ನೋಡಿಕೊಂಡು, ನಾಳೆಯಿಂದ ಪ್ರಾರ್ಥನೆ ಎಷ್ಟು ಹೊತ್ತು ಇರುತ್ತದೆ ಎಂದು ಗುರುಗುಟ್ಟಿದ.

ಅವಳು ಹುಡುಗಿಯ ಜೊತೆ ಮೊದಲ ಬಟ್ಟೆಯ ಮೂಲೆ ಹಿಡಿದು ಒದರಿದಳು.

"ಒರೆಸಿ ಮುಗಿಯೋವರೆಗೂ."